ಮಾತ್ರೆಯರಿತ ಹನಿಮದ್ದು

ಕಳೆದ ತಿಂಗಳು ಒಂದು ಸಂಜೆ ಪರಿಚಿತ ಕುಟುಂಬದ ಅತ್ತೆ ಸೊಸೆಯರಿಬ್ಬರು ಒಂಬತ್ತು ವರ್ಷದ ಬಾಲಿಕೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಬಾಲಿಕೆಗೆ ಸಮೀಪದೃಷ್ಟಿ. ಏಳನೆಯ ವಯಸ್ಸಿನಲ್ಲಿ ಒಂದೂವರೆ ನಂಬರಿನಿಂದ ಆರಂಭವಾದ ಕನ್ನಡಕ ಎರಡೇ ವರ್ಷಗಳಲ್ಲಿ ಮೂರೂವರೆಗೆ ಏರಿದೆ. ಈ ಸಲ ನೇತ್ರವೈದ್ಯರು ಹೊಸ ಕನ್ನಡಕದ ಜೊತೆಗೆ ಒಂದು ಹನಿಮದ್ದನ್ನೂ ಬರೆದುಕೊಟ್ಟು, ಪ್ರತಿರಾತ್ರಿ ಮಲಗುವ ಮುನ್ನ ಎರಡೂ ಕಣ್ಣಿಗೆ ಒಂದೊಂದು ಹನಿಯಂತೆ ಕನಿಷ್ಠ ಎರಡು ವರ್ಷ ಹಾಕಬೇಕೆಂದು ತಿಳಿಸಿದ್ದಾರೆ. ಸೀಸೆಯ ಮೇಲಿದ್ದ ಹೆಸರು ‘ಅಟ್ರೋಪಿನ್ 0.01%’.

ತಾಯಿಗೆ ಒಂದು ಆಸೆ. “ಗುರುಗಳೇ, ಎರಡು ವರ್ಷ ತಪ್ಪದೆ ಹಾಕಿದರೆ ಕನ್ನಡಕ ಹೋಗುತ್ತದಲ್ಲವೇ? ಹೆಣ್ಣುಮಗು. ನಾಳೆ ನೋಡಲು ಬಂದವರು ಮೊದಲು ಮುಖದ ಮೇಲಿನ ಕನ್ನಡಕವನ್ನೇ ನೋಡುತ್ತಾರೆ” ಎಂದು ಆಕೆ ಕೇಳಿದರು.

ಅಜ್ಜಿಗೆ ಒಂದು ಭಯ. “ನಮ್ಮ ಅಣ್ಣನ ಮಗ ಹತ್ತಿಯ ಹೊಲಕ್ಕೆ ಎಣ್ಣೆ ಹೊಡೆಯುವಾಗ ವಿಷವೇರಿ ಬಿದ್ದಿದ್ದ. ಆಸ್ಪತ್ರೆಯಲ್ಲಿ ಇದೇ ಹೆಸರಿನ ಸೂಜಿಯನ್ನು ಮೇಲಿಂದ ಮೇಲೆ ಕೊಟ್ಟರು. ಜೀವ ಉಳಿಯಿತು, ನಿಜ. ಆದರೆ ಎರಡು ದಿನ ಏನೇನೋ ಬಡಬಡಿಸುತ್ತಿದ್ದ. ಅಂಥ ಔಷಧಿಯನ್ನು ಕೂಸಿನ ಕಣ್ಣಿಗೆ ಬಿಡುವುದೇ?” ಎಂದು ಅವರು ಕೇಳಿದರು.

ನಾನು ವೈದ್ಯನಲ್ಲ. ಆದರೂ ಈ ವಿಷಯದಲ್ಲಿ ಪ್ರಕಟವಾದುದನ್ನು ಓದಿ, ಬಲ್ಲ ವೈದ್ಯರೊಬ್ಬರಲ್ಲಿ ವಿಚಾರಿಸಿ, ಆ ಇಬ್ಬರು ತಾಯಂದಿರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಆಸೆ ಮತ್ತು ಇಂಥ ಭಯ ಇಂದು ಅನೇಕ ಮನೆಗಳಲ್ಲಿವೆ.

ಮೊದಲು ಸಮೀಪದೃಷ್ಟಿ ಎಂದರೇನೆಂಬುದನ್ನು ತಿಳಿಯಬೇಕು. ಹುಟ್ಟಿದ ಮಗುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರು. ಬೆಳೆದವರದು ಸುಮಾರು 24. ಮೈ ಬೆಳೆದಂತೆ ಕಣ್ಣೂ ಬೆಳೆದು ಒಂದು ಹದಕ್ಕೆ ನಿಲ್ಲುವುದು ಸೃಷ್ಟಿನಿಯಮ. ಕೆಲವು ಮಕ್ಕಳಲ್ಲಿ ಈ ಬೆಳವಣಿಗೆ ಹದ ಮೀರುತ್ತದೆ. ಕಣ್ಣು ಹಿಂದಕ್ಕೆ ಉದ್ದವಾಗಿ, ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ಒಂದು ಮಿಲಿಮೀಟರು ಹೆಚ್ಚು ಬೆಳೆದರೆ ಸುಮಾರು ಎರಡೂವರೆ ನಂಬರು ಏರುತ್ತದೆ. ಕನ್ನಡಕವು ಬಿಂಬವನ್ನು ಸರಿಯಾದ ಸ್ಥಾನಕ್ಕೆ ತಂದುಕೊಡುತ್ತದೆ. ಸಾಧಾರಣ ಕನ್ನಡಕಕ್ಕೆ ಕಣ್ಣಿನ ಬೆಳವಣಿಗೆಯನ್ನು ತಡೆಯುವ ಶಕ್ತಿಯಿಲ್ಲ. ಆದುದರಿಂದಲೇ ಚಿಕ್ಕ ವಯಸ್ಸಿನಲ್ಲಿ ಕನ್ನಡಕ ಬಂದ ಮಕ್ಕಳಿಗೆ ನಂಬರು ಏರಲು ಹೆಚ್ಚು ವರ್ಷಗಳು ಮುಂದಿರುತ್ತವೆ.

ನಂಬರು ಏರಿದರೆ ಗಾಜು ದಪ್ಪವಾದೀತು, ಅಷ್ಟೇ ಎಂದು ಭಾವಿಸಬಾರದು. ಆರು ನಂಬರು ದಾಟಿದ ಕಣ್ಣಿನಲ್ಲಿ ಅಕ್ಷಿಪಟಲವು ಎಳೆದ ಬಟ್ಟೆಯಂತೆ ತೆಳುವಾಗುತ್ತದೆ. ಅದು ಹರಿಯುವ, ಕಳಚಿಕೊಳ್ಳುವ ಸಂಭವ ಹೆಚ್ಚು. ದೃಷ್ಟಿಯ ನಡುಭಾಗ ಸವೆಯುವ, ಗ್ಲಾಕೋಮಾ ತಲೆದೋರುವ ಅಪಾಯವೂ ಹೆಚ್ಚು. ಇವೆಲ್ಲ ಬಾಲ್ಯದಲ್ಲಿ ಅಲ್ಲ, ನಲವತ್ತು ಐವತ್ತರ ವಯಸ್ಸಿನಲ್ಲಿ ಬರುವಂಥವು. ಮಗುವಿನ ಕಣ್ಣಿಗೆ ಇಂದು ಹಾಕುವ ಹನಿ ಆ ದಿನಕ್ಕಾಗಿ.

ಇನ್ನು ಔಷಧಿಯ ಪೂರ್ವೋತ್ತರ. ಯುರೋಪಿನಲ್ಲಿ ಬೆಲ್ಲಡೋನಾ ಎಂಬ ಗಿಡವೊಂದುಂಟು. ಅದೂ ನಮ್ಮ ಬದನೆಯೂ ಬೇಲಿಯ ಉಮ್ಮತ್ತಿಯೂ ಒಂದೇ ಸಸ್ಯಕುಟುಂಬದವು. ಉಮ್ಮತ್ತಿಯ ಬೀಜ ತಿಂದವರಿಗೆ ಬಾಯಿ ಒಣಗಿ, ಪಾಪೆ ಹಿಗ್ಗಿ, ಮತಿಭ್ರಮಣೆಯಾಗುವುದನ್ನು ಹಳ್ಳಿಯ ಹಿರಿಯರು ಬಲ್ಲರು. ಅಟ್ರೋಪಿನ್ ಆ ಜಾತಿಯ ಸಾರವೇ. ಮನುಷ್ಯನ ಆಯುಷ್ಯದ ನೂಲನ್ನು ಕತ್ತರಿಸುವವಳೆಂದು ಗ್ರೀಕರು ನಂಬಿದ್ದ ಅಟ್ರೊಪೋಸ್ ದೇವತೆಯ ಹೆಸರೇ ಇದಕ್ಕೆ ಮೂಲ. ಬೆಲ್ಲಡೋನಾ ಎಂದರೆ ಇಟಲಿಯ ಭಾಷೆಯಲ್ಲಿ ‘ಸುಂದರಿ’. ಅದರ ರಸವನ್ನು ಕಣ್ಣಿಗೆ ಬಿಟ್ಟು ಪಾಪೆಯನ್ನು ಹಿಗ್ಗಿಸಿಕೊಂಡು ಚೆಲುವೆಯರಾಗಿ ಕಾಣಲು ಅಲ್ಲಿಯ ಸ್ತ್ರೀಯರು ಹಿಂದೆ ಬಯಸುತ್ತಿದ್ದರಂತೆ. ಒಂದು ಹೆಸರಿನಲ್ಲಿ ಸಾವು, ಇನ್ನೊಂದರಲ್ಲಿ ಸೌಂದರ್ಯ. ಅಜ್ಜಿಯ ಭಯವೂ ತಾಯಿಯ ಆಸೆಯೂ ಈ ಔಷಧಿಗೆ ಹೊಸತಲ್ಲ.

ಇದು ಮಕ್ಕಳ ಸಮೀಪದೃಷ್ಟಿಯ ಏರಿಕೆಯನ್ನು ತಡೆಯಬಲ್ಲದೆಂಬುದು ಹೇಗೆ ತಿಳಿಯಿತು? ಸಿಂಗಪುರದಲ್ಲಿ 400 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಶೇಕಡಾ 1ರ ಹನಿ ಹಾಕಿದ ಕಣ್ಣುಗಳಲ್ಲಿ ಎರಡು ವರ್ಷಕ್ಕೆ ಏರಿದ್ದು ಸರಾಸರಿ 0.28 ನಂಬರು, ಬರಿಯ ಹುಸಿಹನಿ ಹಾಕಿದ ಮಕ್ಕಳ ಕಣ್ಣುಗಳಲ್ಲಿ 1.20. ಫಲ ದೊಡ್ಡದು. ಆದರೆ ಅಷ್ಟು ತೀಕ್ಷ್ಣವಾದ ಹನಿಯಿಂದ ಪಾಪೆ ಹಿಗ್ಗಿ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಂಜಾಗುತ್ತದೆ. ಮೇಲಾಗಿ, ಹನಿ ನಿಲ್ಲಿಸಿದೊಡನೆ ತಡೆದ ನೀರು ನುಗ್ಗಿದಂತೆ ನಂಬರು ರಭಸದಿಂದ ಏರಿತು. ಆಗ ವೈದ್ಯರು ಪ್ರಮಾಣವನ್ನು ತಗ್ಗಿಸುತ್ತ ಹೋದರು. 2012ರಲ್ಲಿ ಅದೇ ಸಿಂಗಪುರದಿಂದ ಶೇಕಡಾ 0.01ರ ಹನಿಯ ವರದಿ ಬಂತು. ತೊಂದರೆ ಅತ್ಯಲ್ಪ, ನಿಲ್ಲಿಸಿದ ಮೇಲಿನ ಏರಿಕೆಯೂ ಅಲ್ಪ.

ಆದರೆ ಅಳತೆ ತಗ್ಗಿದಂತೆ ಫಲವೂ ತಗ್ಗುತ್ತದೆ. 2019ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಪರೀಕ್ಷೆಯಲ್ಲಿ 438 ಮಕ್ಕಳನ್ನು ನಾಲ್ಕು ಗುಂಪು ಮಾಡಿದ್ದರು. ಒಂದು ವರ್ಷದಲ್ಲಿ ನಂಬರಿನ ಏರಿಕೆ ಶೇಕಡಾ 0.05ರ ಹನಿಯಿಂದ 67ರಷ್ಟು ತಗ್ಗಿತು, 0.025ರಿಂದ 43ರಷ್ಟು, 0.01ರಿಂದ 27ರಷ್ಟು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರ ನೇತೃತ್ವದಲ್ಲಿ ನಮ್ಮ ದೇಶದ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 0.01ರ ಹನಿ ಹಾಕಿದವರಿಗೆ ವರ್ಷಕ್ಕೆ 0.16 ನಂಬರು ಏರಿತು, ಹುಸಿಹನಿಯವರಿಗೆ 0.35. ಇದಕ್ಕೆ ವಿರುದ್ಧವಾಗಿ, 2023ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಅದೇ 0.01ರ ಹನಿಯಿಂದ ಎರಡು ವರ್ಷಗಳಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಅಂದರೆ ಎಲ್ಲ ಮಕ್ಕಳಿಗೂ ಒಂದೇ ಅಳತೆ ಹೊಂದುವುದಿಲ್ಲ. ಆದ್ದರಿಂದಲೇ ಆರು ತಿಂಗಳಿಗೊಮ್ಮೆ ತಪ್ಪದೆ ತೋರಿಸಿ, ಫಲ ಕಾಣದಿದ್ದರೆ ಏನು ಮಾಡಬೇಕೆಂಬುದನ್ನು ವೈದ್ಯರ ನಿರ್ಣಯಕ್ಕೆ ಬಿಡಬೇಕು.

ತಾಯಿಯ ಪ್ರಶ್ನೆಗೆ ಇದರಲ್ಲಿಯೇ ಉತ್ತರವಿದೆ. ಈ ಹನಿ ಕನ್ನಡಕವನ್ನು ಕಳೆಯುವುದಿಲ್ಲ. ಬೆಳೆದ ಕಣ್ಣು ಮರಳಿ ಕುಗ್ಗದು. ಏರಿದ ನಂಬರು ಇಳಿಯದು. ಮುಂದೆ ಏಳಕ್ಕೆ ಏರಬಹುದಾಗಿದ್ದುದು ಐದರಲ್ಲಿ ನಿಂತರೆ ಅದೇ ದೊಡ್ಡ ಲಾಭ. ಕನ್ನಡಕವನ್ನು ಪೂರ್ಣ ನಂಬರಿನದನ್ನೇ ಕೊಡಿಸಬೇಕು, ಮಗು ಅದನ್ನು ಧರಿಸಬೇಕು. ಕಡಿಮೆ ನಂಬರಿನ ಗಾಜು ಹಾಕಿದರೆ ಕಣ್ಣು ತಾನೇ ಸುಧಾರಿಸುತ್ತದೆಂಬುದು ತಪ್ಪು ತಿಳುವಳಿಕೆ. ಮಲೇಷಿಯಾದಲ್ಲಿ ಹಾಗೆ ಮಾಡಿ ನೋಡಿದಾಗ ನಂಬರು ಇನ್ನೂ ಬೇಗ ಏರಿತೆಂದು 2002ರಲ್ಲಿ ವರದಿಯಾಗಿದೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಅಳತೆಯಲ್ಲಿದೆ. ಸಂಸ್ಕೃತದಲ್ಲಿ ‘ಮಾತ್ರಾ’ ಎಂದರೆ ಅಳತೆ. ಛಂದಸ್ಸಿನಲ್ಲಿ ಅಕ್ಷರದ ಕಾಲವನ್ನು ಅಳೆಯುವುದೂ ಮಾತ್ರೆಯಿಂದಲೇ. ನಾವು ನುಂಗುವ ಗುಳಿಗೆಗೆ ‘ಮಾತ್ರೆ’ ಎಂಬ ಹೆಸರು ಬಂದಿರುವುದರಲ್ಲಿಯೇ ಔಷಧಿಯ ಧರ್ಮವಿದೆ. ಅಳತೆಯಲ್ಲಿದ್ದರೆ ಮದ್ದು, ಮೀರಿದರೆ ವಿಷ. ಲೆಕ್ಕ ಹಾಕಿ ನೋಡೋಣ. ವಿಷವೇರಿದವರಿಗೆ ಕೊಡುವ ಅಟ್ರೋಪಿನ್ ಸೂಜಿಮದ್ದಿನ ಒಂದು ಚಿಕ್ಕ ಸೀಸೆಯಲ್ಲಿ ಸಾಮಾನ್ಯವಾಗಿ 0.6 ಮಿಲಿಗ್ರಾಂ ಇರುತ್ತದೆ. ಅಂಥವರಿಗೆ ಅನೇಕ ಸೀಸೆಗಳು ಬೇಕಾಗುತ್ತವೆ. ಮಗುವಿಗೆ ಬರೆದುಕೊಟ್ಟ 0.01ರ ಒಂದು ಹನಿಯಲ್ಲಿ ಇರುವುದು ಸುಮಾರು 0.005 ಮಿಲಿಗ್ರಾಂ. ಆ ಒಂದು ಸೂಜಿಯ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದುದರಿಂದ ಅಳತೆ ತಪ್ಪದಿರುವವರೆಗೆ ಅಂಜಬೇಕಾಗಿಲ್ಲ.

ಅಳತೆ ತಪ್ಪಿದರೆ? ಕಣ್ಣಿನ ಬೇರೆ ತೊಂದರೆಗಳಿಗೆಂದು ಶೇಕಡಾ 1ರ ಅಟ್ರೋಪಿನ್ ಹನಿಯೂ ಔಷಧದಂಗಡಿಗಳಲ್ಲಿ ದೊರೆಯುತ್ತದೆ. ಹೆಸರು ಒಂದೇ, ಸೀಸೆಯ ಗಾತ್ರವೂ ಹೆಚ್ಚುಕಡಿಮೆ ಒಂದೇ, ಬಲ ಮಾತ್ರ ನೂರು ಪಟ್ಟು. ಅದರ ಒಂದೇ ಹನಿಯಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಇರುತ್ತದೆ. ಎಂದರೆ ಅಜ್ಜಿ ಹೇಳಿದ ಸೂಜಿಮದ್ದಿನ ಒಂದು ಸೀಸೆಗೆ ಹತ್ತಿರ ಹತ್ತಿರ. ಅಂಗಡಿಯಲ್ಲಿ ಅವಸರದಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬಂದರೆ ಅನರ್ಥವಾದೀತು. ಪ್ರತಿ ಸಲ ಕೊಳ್ಳುವಾಗ ಬರೆದ ಚೀಟಿಯನ್ನು ಕೊಂಡೊಯ್ಯಿರಿ, ಸೀಸೆಯ ಮೇಲಿನ ಸೊನ್ನೆಗಳನ್ನು ಎಣಿಸಿರಿ. ನೆರೆಮನೆಯ ಮಗುವಿಗೆ ಬರೆದ ಹನಿಯನ್ನು ನಿಮ್ಮ ಮಗುವಿಗೆ ಹಾಕಬೇಡಿರಿ. ಸೀಸೆಯನ್ನು ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಿರಿ. ತೀಕ್ಷ್ಣ ಹನಿಯ ಸೀಸೆಯನ್ನು ಕೂಸು ಬಾಯಿಗೆ ಇಟ್ಟುಕೊಂಡರೆ ಜೀವಕ್ಕೇ ಅಪಾಯ. ಹನಿ ಹಾಕಿದ ಮಗುವಿಗೆ ಮುಖ ಕೆಂಪೇರಿ, ಬಾಯಿ ಒಣಗಿ, ಜ್ವರ ಬಂದು, ಎದೆಬಡಿತ ಹೆಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಸೀಸೆಯನ್ನೂ ಜೊತೆಗೆ ಕೊಂಡೊಯ್ಯಬೇಕು.

ಹಾಕುವ ವಿಧಾನ ಸುಲಭ. ಕೈ ತೊಳೆದುಕೊಂಡು, ಮಗುವನ್ನು ಅಂಗಾತ ಮಲಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು, ಸೀಸೆಯ ತುದಿ ಕಣ್ಣಿಗೆ ತಾಗದಂತೆ ಒಂದೇ ಹನಿ ಬಿಡಬೇಕು. ಕಣ್ಣು ಮುಚ್ಚಿಸಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದಿಲ್ಲ. ತೆರೆದ ಸೀಸೆಯನ್ನು ಅದರ ಮೇಲೆ ಸೂಚಿಸಿರುವ ಅವಧಿ ಮುಗಿದ ಮೇಲೆ ಬಳಸಬಾರದು. ಒಂದು ರಾತ್ರಿ ಮರೆತರೆ ಮರುರಾತ್ರಿ ಎರಡು ಹನಿ ಹಾಕಬಾರದು. ನಂಬರು ನಿಂತಿತೆಂದು ಮನೆಯವರೇ ನಿಲ್ಲಿಸಲೂಬಾರದು. ನಿಲ್ಲಿಸಿದ ಮೇಲೆ ನಂಬರು ಮತ್ತೆ ಏರುವ ಸಂಭವ ಚಿಕ್ಕ ಮಕ್ಕಳಲ್ಲಿಯೇ ಹೆಚ್ಚು.

ಹನಿಯೊಂದನ್ನೇ ನಂಬಿ ಕೂರುವುದೂ ಸಲ್ಲದು. ಸಿಡ್ನಿಯಲ್ಲಿಯೂ ಸಿಂಗಪುರದಲ್ಲಿಯೂ ವಾಸಿಸುವ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿದ ವರದಿಯೊಂದು 2008ರಲ್ಲಿ ಪ್ರಕಟವಾಯಿತು. ಸಿಡ್ನಿಯ ಮಕ್ಕಳಲ್ಲಿ ನೂರಕ್ಕೆ ಮೂವರಿಗೆ ಸಮೀಪದೃಷ್ಟಿ, ಸಿಂಗಪುರದಲ್ಲಿ ಇಪ್ಪತ್ತೊಂಬತ್ತು ಮಂದಿಗೆ. ಕುಲ ಒಂದೇ. ಎದ್ದು ಕಂಡ ವ್ಯತ್ಯಾಸವೆಂದರೆ ಸಿಡ್ನಿಯ ಮಕ್ಕಳು ವಾರಕ್ಕೆ ಹದಿಮೂರು ಗಂಟೆಗೂ ಹೆಚ್ಚು ಕಾಲ ಹೊರಗಿನ ಬೆಳಕಿನಲ್ಲಿರುತ್ತಿದ್ದರು, ಸಿಂಗಪುರದವರು ಸುಮಾರು ಮೂರು ಗಂಟೆ. ಚೀನದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟಾಗ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳ ಪ್ರಮಾಣ ಶೇಕಡಾ 39.5ರ ಬದಲು 30.4ಕ್ಕೆ ಇಳಿಯಿತೆಂದು 2015ರಲ್ಲಿ ಪ್ರಕಟವಾಯಿತು. ಬಯಲ ಬೆಳಕು ದೋಷ ಬಾರದಂತೆ ತಡೆಯುವುದರಲ್ಲಿ ಹೆಚ್ಚು ಸಮರ್ಥ. ಬಂದ ಮೇಲೆ ಅದರ ಬಲ ಕಡಿಮೆ. ಆದುದರಿಂದ ಮನೆಯಲ್ಲಿ ಹಿರಿಯ ಮಗುವಿಗೆ ಹನಿ ಹಾಕುತ್ತಿದ್ದರೆ, ಇನ್ನೂ ಕನ್ನಡಕ ಬಾರದ ಕಿರಿಯ ಮಗುವನ್ನು ಮೊಬೈಲು ಬಿಡಿಸಿ ಅಂಗಳಕ್ಕೆ ಕಳಿಸುವುದು ಅಷ್ಟೇ ಅವಶ್ಯ.

ಕೊನೆಗೆ, ಮುಖದ ಮೇಲಿನ ಕನ್ನಡಕದ ಮಾತು. ನಾವು ಇಷ್ಟೆಲ್ಲ ಮಾತನಾಡುತ್ತಿದ್ದಾಗ ಬಾಲಿಕೆ ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದಳು. “ಏನು ನೋಡುತ್ತಿರುವೆ ಮಗಳೇ?” ಎಂದೆ. “ಹೊಸ ಕನ್ನಡಕದಲ್ಲಿ ಬೇವಿನ ಮರದ ಎಲೆ ಒಂದೊಂದೇ ಕಾಣುತ್ತಿದೆ ಅಜ್ಜ, ಮೊದಲು ಎಲ್ಲ ಒಂದೇ ಮುದ್ದೆಯಾಗಿತ್ತು” ಎಂದಳು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕನ್ನಡಕವನ್ನು ಕಂಡು ಹಿಂದಿರುಗುವ ಮನೆತನಕ್ಕಾಗಿ ಈ ಮಗುವಿನಿಂದ ಎಲೆಗಳನ್ನು ಕಸಿದುಕೊಳ್ಳಬೇಕೆ ತಾಯಿ, ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಉಳಿದಿರಲಿಲ್ಲ.

ಹೊರಡುವಾಗ ಅಜ್ಜಿ ಸೀಸೆಯನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು, ಮೊಮ್ಮಗಳಿಂದ ಅಂಕಿಯನ್ನು ಎರಡು ಸಲ ಓದಿಸಿದರು. “ರಾತ್ರಿ ಹನಿ ಹಾಕುವ ಕೆಲಸ ನನ್ನದು. ಅಂಜಿಕೆ ಇದ್ದವರೇ ಅಳತೆ ತಪ್ಪುವುದಿಲ್ಲ” ಎಂದರು. ಈ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಮಾತನ್ನು ನಾನು ಹೇಳಲಾರೆ.