ಗಣಕಯಂತ್ರದ ಗದ್ದಲವನ್ನು ಆಲಿಸಬೇಕು

ಮೇಜಿನ ಮೇಲಣ ಗಣಕಯಂತ್ರ ಗದ್ದಲ ಮಾಡತೊಡಗಿದೊಡನೆ ಅದಕ್ಕೆ ಮುಪ್ಪಡಸಿತೆಂದು ಹೊಸದನ್ನು ಕೊಳ್ಳುವವರುಂಟು. ಶಬ್ದಕ್ಕೆ ಕಿವಿಯನ್ನು ಒಗ್ಗಿಸಿಕೊಂಡು ಸುಮ್ಮನಿರುವವರೂ ಉಂಟು. ಈ ಎರಡು ಮಾರ್ಗಗಳೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ನಾಡಿ ನೋಡದೆ ಮದ್ದು ಕೊಡುವುದು ವೈದ್ಯನಿಗೆ ಹೇಗೆ ಸಲ್ಲದೋ, ಶಬ್ದದ ಮೂಲವನ್ನರಿಯದೆ ಯಂತ್ರಕ್ಕೆ ಚಿಕಿತ್ಸೆ ಮಾಡುವುದೂ ಹಾಗೆಯೇ ಸಲ್ಲದು.

ಭೋರೆಂಬ ಸದ್ದು ಬಹುಮಟ್ಟಿಗೆ ಫ್ಯಾನಿನದು. ಪ್ರೊಸೆಸರಿನ ಶಾಖವನ್ನು ಹೊರಗೆಡಹುವ ತೆಳು ಲೋಹದ ಪಟ್ಟಿಗಳ ನಡುವೆ ಧೂಳು ತುಂಬಿದರೆ ಶಾಖ ಒಳಗೇ ಉಳಿಯುವುದು. ಅದನ್ನು ತಗ್ಗಿಸಲು ಫ್ಯಾನು ಇನ್ನಷ್ಟು ವೇಗವಾಗಿ ತಿರುಗುವುದು. ವೇಗ ಇಮ್ಮಡಿಯಾದರೆ ಶಬ್ದ ಸುಮಾರು 15 ಡೆಸಿಬೆಲ್ ಏರುವುದು. ಇದಕ್ಕೆ ಬೇಕಾದುದು ಹೊಸ ಯಂತ್ರವಲ್ಲ. ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ರೆಕ್ಕೆಗಳು ತಿರುಗದಂತೆ ಹಿಡಿದು, ಧೂಳನ್ನು ಊದಿ ತೆಗೆದರಾಯಿತು. ಆಮೇಲೂ ಕರಕರವೆಂದರೆ ಬೇರಿಂಗ್ ಸವೆದಿರಬೇಕು, ಫ್ಯಾನನ್ನಷ್ಟೇ ಬದಲಿಸಬಹುದು. ಪೆಟ್ಟಿಗೆಯ ಪಕ್ಕವನ್ನು ಅದುಮಿದಾಗ ನಡುಕದ ಸದ್ದು ನಿಂತರೆ ಸಡಿಲವಾದ ತಿರುಪನ್ನು ಬಿಗಿಯುವುದೇ ಸಾಕು.

ಆದರೆ ಟಕ್ ಟಕ್ ಎಂಬ ಶಬ್ದವನ್ನು ವಾಚಕರು ಉಪೇಕ್ಷಿಸಬಾರದು. ಯಾವುದೇ ತಂತಿ ಫ್ಯಾನಿಗೆ ತಗಲುತ್ತಿಲ್ಲವಾದರೆ, ಅದು ಹಾರ್ಡ್ ಡಿಸ್ಕಿನ ಮೊರೆಯಿರಬಹುದು. ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ಅದರ ತಟ್ಟೆಗಳ ಮೇಲೆ, ಓದುವ ಅಂಗವು ತನ್ನ ಸ್ಥಾನವನ್ನು ಕಾಣದೆ ಮರಳಿ ಮರಳಿ ತಡಕಾಡುವಾಗ ಈ ಸದ್ದು ಹುಟ್ಟುವುದು. ಆಗ ದುರಸ್ತಿಯ ಮಾತು ಅನಂತರದ್ದು. ಕಡತಗಳನ್ನು ಬೇರೆಡೆಗೆ ಪ್ರತಿ ಮಾಡಿಕೊಳ್ಳುವುದೇ ಮೊದಲ ಕೆಲಸ. ಹಣವಿದ್ದರೆ ಯಂತ್ರ ಮತ್ತೊಂದು ದೊರೆತೀತು. ಅದರೊಳಗಿದ್ದ ಹಲವು ವರ್ಷಗಳ ಬರಹವೂ ಮನೆಮಂದಿಯ ಭಾವಚಿತ್ರಗಳೂ ದೊರೆಯಲಾರವು.