ಅರಿಯದ ತಪ್ಪಿಗೂ ಕಳವಿನ ದಂಡವೇ?

ಕರ ಕೊಡುವುದು ಪ್ರಜೆಯ ಕರ್ತವ್ಯವೆಂಬ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಶಾಲೆಗಳೂ ರಸ್ತೆಗಳೂ ದವಾಖಾನೆಗಳೂ ಅದರಿಂದಲೇ ನಡೆಯತಕ್ಕವು. ಆದರೆ ಕೊಡಬೇಕೆಂದು ತಿಳಿದೂ ಬಚ್ಚಿಟ್ಟವನು ಬೇರೆ. ಕೊಡಬೇಕೆಂಬುದನ್ನೇ ತಿಳಿಯದೆ ಇದ್ದವನು ಬೇರೆ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೇ ಎಂಬ ಪ್ರಶ್ನೆಯನ್ನು 2025ನೆಯ ಇಸವಿಯ ಜುಲೈ ತಿಂಗಳ ಸಂಗತಿಗಳು ನಮ್ಮ ಮುಂದೆ ತಂದಿಟ್ಟಿವೆ.

ಆ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯವರು, ಯುಪಿಐ ಮೂಲಕ ಜಮೆಯಾದ ಹಣದ ಮೊತ್ತವನ್ನೇ ಆಧಾರವಾಗಿ ಹಿಡಿದು, ಸಾವಿರಾರು ಜನ ಚಿಕ್ಕ ವರ್ತಕರಿಗೆ ನೋಟೀಸುಗಳನ್ನು ಕಳಿಸಿದರು. ಚಹದಂಗಡಿಯವರೂ ಬೇಕರಿಯವರೂ ಲಕ್ಷಗಟ್ಟಲೆ ಅಂಕಿಗಳನ್ನು ಕಂಡು ಬೆಚ್ಚಿಬಿದ್ದರು. ಒಬ್ಬನ ಖಾತೆಗೆ ಬಂದ ಹಣದಲ್ಲಿ ಭಾವಮೈದುನನು ತಿರುಗಿ ಕೊಟ್ಟ ಕೈಗಡವೂ ಇರಬಹುದು, ಕರವೇ ಇಲ್ಲದ ಹಾಲು-ತರಕಾರಿಗಳ ಬೆಲೆಯೂ ಇರಬಹುದು. ಯಂತ್ರದ ಲೆಕ್ಕಕ್ಕೆ ಎಲ್ಲವೂ ವ್ಯಾಪಾರವೇ. ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಅಂಟಿದವು. (ಇದು ಜಾಣತನದ ಮಾರ್ಗವಲ್ಲವೆಂದು ನಮ್ಮ ವರ್ತಕ ಬಂಧುಗಳಿಗೆ ಸ್ಪಷ್ಟವಾಗಿಯೇ ಹೇಳುತ್ತೇವೆ. ತಪ್ಪಿಲ್ಲದವನು ಅಡಗಿಕೊಂಡರೆ ತಪ್ಪಿದ್ದಂತೆಯೇ ಕಾಣುತ್ತದೆ.) 25ನೆಯ ತಾರೀಖಿಗೆ ಬಂದ್ ಗೊತ್ತಾಯಿತು. 23ಕ್ಕೆ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ವರ್ತಕರನ್ನು ಕರೆಸಿ, ಹಳೆಯ ಬಾಕಿಯ ವಸೂಲಿಗೆ ಹೋಗುವುದಿಲ್ಲವೆಂದೂ ಇನ್ನು ಮುಂದೆ ಎಲ್ಲರೂ ನೋಂದಣಿ ಮಾಡಿಸಬೇಕೆಂದೂ ಹೇಳಿದ ಮೇಲೆ ಗಲಭೆ ತಣ್ಣಗಾಯಿತು.

ಈ ಮುಕ್ತಾಯದಿಂದ ಬಹುಜನರು ತೃಪ್ತರಾದರು. ನಾವು ಆಗಲಿಲ್ಲ. ಸಾವಿರಾರು ಜನ ಒಟ್ಟುಗೂಡಿ ಕೂಗಿದ್ದರಿಂದ ದೊರೆತದ್ದು ಕೃಪೆ. ಮುಂದೆ ಎಂದಾದರೊಂದು ದಿನ ಯಾವನೋ ಒಬ್ಬನೇ ಒಬ್ಬನಿಗೆ ಇದೇ ನೋಟೀಸು ಬಂದರೆ ಅವನಿಗಾಗಿ ಯಾರು ಬಂದ್ ಕರೆಯುತ್ತಾರೆ? ಅವನಿಗೆ ಆಸರೆಯಾಗಬೇಕಾದದ್ದು ಕಾಯದೆ. ಆ ಕಾಯದೆಯಲ್ಲಿ ಏನಿದೆಯೆಂಬುದನ್ನು ವಾಚಕರು ತುಸು ತಾಳ್ಮೆಯಿಂದ ನೋಡಬೇಕು.

ಒಂದು ಉದಾಹರಣೆಯನ್ನು ಊಹಿಸೋಣ. ಧಾರವಾಡದ ಪೇಟೆಯಲ್ಲಿ ಒಬ್ಬ ಸಿಂಪಿಗನು ವರ್ಷಕ್ಕೆ 24 ಲಕ್ಷ ರೂಪಾಯಿಯ ಬಟ್ಟೆ ಮಾರುತ್ತಾನೆ. 3 ಲಕ್ಷದ ಹೊಲಿಗೆ ಕೆಲಸವನ್ನೂ ಮಾಡುತ್ತಾನೆ. ಸರಕು ಮಾರುವವರಿಗೆ 40 ಲಕ್ಷದವರೆಗೆ ನೋಂದಣಿ ಬೇಡವೆಂದು ಆತನು ಕೇಳಿದ್ದಾನೆ. ಅದು ಸುಳ್ಳೂ ಅಲ್ಲ. ಆದರೆ 2019ರ ಏಪ್ರಿಲಿನಿಂದ ಬಂದ ಆ ಸವಲತ್ತು ಕೇವಲ ಸರಕನ್ನೇ ಮಾರುವವರಿಗೆ. ಹೊಲಿಗೆಯು ಸೇವೆ. ಅದು ಸೇರಿತೆಂದರೆ ಮಿತಿಯು 20 ಲಕ್ಷಕ್ಕೆ ಇಳಿಯುತ್ತದೆ, ಮತ್ತು ಬಟ್ಟೆ-ಹೊಲಿಗೆ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಲಾಗುತ್ತದೆ. ಸೂಜಿಗೆ ದಾರ ಪೋಣಿಸಿದ್ದೇ ಆತನ ಅಪರಾಧವಾಯಿತು! ಬಟ್ಟೆಯೊಂದರ ಮೇಲೆಯೇ ಶೇಕಡಾ 5ರಂತೆ ವರ್ಷಕ್ಕೆ 1,20,000. ನಾಲ್ಕು ವರ್ಷಕ್ಕೆ 4,80,000 ರೂಪಾಯಿ. ಈ ಹಣವನ್ನು ಆತನು ಗಿರಾಕಿಗಳಿಂದ ಪಡೆದೇ ಇಲ್ಲ. ಬಟ್ಟೆ ಕೊಳ್ಳುವಾಗ ತಾನು ತೆತ್ತ ಕರವನ್ನು ವಜಾ ಹಾಕಿಕೊಳ್ಳೋಣವೆಂದರೆ ನೋಂದಣಿಯಿಲ್ಲದವನಿಗೆ ಆ ಹಕ್ಕೂ ಇಲ್ಲ. ಮೇಲೆ ಶೇಕಡಾ 18ರ ಬಡ್ಡಿ. ಅದರ ಮೇಲೆ ದಂಡ.

ದಂಡವೆಷ್ಟು? ಸರಕು ಮತ್ತು ಸೇವಾ ತೆರಿಗೆಯ 2017ರ ಕಾಯದೆಯ 73ನೆಯ ಕಲಮಿನ ಮೇರೆಗೆ, ಮೋಸವಿಲ್ಲದ ತಪ್ಪಿಗೆ ಕರದ ಶೇಕಡಾ 10 ಅಥವಾ 10,000 ರೂಪಾಯಿ, ಯಾವುದು ಹೆಚ್ಚೋ ಅದು. 74ನೆಯದರ ಮೇರೆಗೆ, ಮೋಸ ಅಥವಾ ಬೇಕೆಂದೇ ಮಾಡಿದ ಮರೆಮಾಚುವಿಕೆಗೆ ಕರದಷ್ಟೇ ದಂಡ. ಭೇದವೇನೋ ಸರಿಯಾಗಿಯೇ ಇದೆ. ಆದರೆ ನೋಂದಣಿ ಮಾಡಿಸಬೇಕಾದವನು ಮಾಡಿಸದಿದ್ದರೆ 122ನೆಯ ಕಲಮು ಬೇರೆಯಾಗಿ ನಿಂತಿದೆ. ಅಲ್ಲಿಯೂ 10,000 ಅಥವಾ ತಪ್ಪಿಸಿದ ಕರದಷ್ಟೇ. ನಮ್ಮ ಸಿಂಪಿಗನನ್ನು ಯಾವ ಬಾಗಿಲಿನಿಂದ ಒಳಗೆ ಕರೆಯಬೇಕೆಂಬುದನ್ನು ಅಧಿಕಾರಿಯೇ ನಿರ್ಣಯಿಸುತ್ತಾನೆ.

ಇನ್ನು 126ನೆಯ ಕಲಮು. ಇದನ್ನು ಓದಿದವರು ಮೊದಲು ಸಂತೋಷಪಡುವರು. ಕ್ಷುಲ್ಲಕ ತಪ್ಪಿಗೆ ದಂಡ ಕೂಡದು. ಸುಲಭವಾಗಿ ತಿದ್ದಬಹುದಾದ, ಮೋಸದ ಉದ್ದೇಶವಿಲ್ಲದ ಕಾಗದಪತ್ರದ ಲೋಪಕ್ಕೆ ದಂಡ ಕೂಡದು. ದಂಡವು ತಪ್ಪಿನ ತೂಕಕ್ಕೆ ತಕ್ಕಂತಿರಬೇಕು. ತಾನಾಗಿ ಬಂದು ತಪ್ಪೊಪ್ಪಿದವನ ವಿಷಯದಲ್ಲಿ ಮೃದುತ್ವ ತೋರಬಹುದು. ಎಷ್ಟು ಉದಾರವಾದ ಮಾತುಗಳು! ಆದರೆ ಕ್ಷುಲ್ಲಕವೆಂದರೆ 5,000 ರೂಪಾಯಿಗಿಂತ ಕಡಿಮೆ ಕರದ ತಪ್ಪು. ಮತ್ತು ಅದೇ ಕಲಮಿನ ಕೊನೆಗೆ ಬಂದರೆ, ದಂಡವು ಗೊತ್ತಾದ ಮೊತ್ತವಾಗಿ ಅಥವಾ ಗೊತ್ತಾದ ಶೇಕಡಾವಾರಾಗಿ ಹೇಳಲ್ಪಟ್ಟಿದ್ದಲ್ಲಿ ಇದಾವುದೂ ಅನ್ವಯಿಸದೆಂದು ಬರೆದಿದೆ. ಎಲೆ ಹಾಕಿ, ಬಡಿಸಿ, ಉಣ್ಣುವವನು ಕೈಯಿಕ್ಕುವಷ್ಟರಲ್ಲಿ ಎಲೆ ಎಳೆದಂತಾಯಿತು.

ಹಿಂದೆಯೂ ಹೀಗೆಯೇ ಇತ್ತೆಂದು ಯಾರೂ ತಿಳಿಯಬಾರದು. 1994ರಲ್ಲಿ ದೂರವಾಣಿ, ಸಾಮಾನ್ಯ ವಿಮೆ, ಷೇರು ದಲಾಲಿ ಎಂಬ ಮೂರರ ಮೇಲೆ ಶೇಕಡಾ 5ರಂತೆ ಸೇವಾ ಕರವು ಆರಂಭವಾದಾಗ ಅದರ 80ನೆಯ ಕಲಮು, ಕರದಾತನು ತನ್ನ ತಪ್ಪಿಗೆ ಸಮಂಜಸವಾದ ಕಾರಣವನ್ನು ರುಜುಪಡಿಸಿದರೆ ದಂಡ ವಿಧಿಸಕೂಡದೆಂದು ಹೇಳುತ್ತಿದ್ದಿತು. 2015ರಲ್ಲಿ ಆ ಕಲಮನ್ನು ತೆಗೆದುಹಾಕಿದರು. ಎರಡು ವರ್ಷಗಳ ತರುವಾಯ ಹೊಸ ಕಾಯದೆ ಬಂದಾಗ ಅದನ್ನು ಮರಳಿ ತರಲಿಲ್ಲ.

ನ್ಯಾಯಾಲಯದ ಮಾತು ಇನ್ನೂ ಹಳೆಯದು. ರೂರ್ಕೆಲಾದಲ್ಲಿ ಉಕ್ಕಿನ ಕಾರಖಾನೆ ಕಟ್ಟುತ್ತಿದ್ದ ಹಿಂದುಸ್ತಾನ್ ಸ್ಟೀಲ್ ಕಂಪನಿಯು ಒಡಿಶಾದ ಮಾರಾಟ ಕರಕ್ಕೆ ನೋಂದಣಿ ಮಾಡಿಸಿರಲಿಲ್ಲ. ಗುತ್ತಿಗೆದಾರರಿಗೆ ಸಾಮಾನು ಒದಗಿಸಿದ ಮಾತ್ರಕ್ಕೆ ತಾನು ವರ್ತಕನೆನಿಸುವುದಿಲ್ಲವೆಂಬುದು ಅದರ ನಂಬಿಕೆ. 1969ರಲ್ಲಿ ಸುಪ್ರೀಮ್ ಕೋರ್ಟು, ದಂಡ ಹಾಕಲು ಅಧಿಕಾರವಿದೆಯೆಂದ ಮಾತ್ರಕ್ಕೆ ಹಾಕಲಾಗದು, ಪ್ರಾಮಾಣಿಕ ನಂಬಿಕೆಯಿಂದಾದ ತಪ್ಪಿಗೆ ಅದನ್ನು ಬಿಡಬೇಕಾಗುತ್ತದೆ ಎಂದು ನಿರ್ಣಯಿಸಿತು. ವಕೀಲರ ಪಡೆಯನ್ನೇ ಇಟ್ಟುಕೊಳ್ಳಬಲ್ಲ ಸರಕಾರಿ ಕಂಪನಿಗೆ ಕ್ಷಮ್ಯವಾದ ಅಜ್ಞಾನವು ಸಿಂಪಿಗನಿಗೆ ಏಕೆ ಅಕ್ಷಮ್ಯ?

ಕಳ್ಳರೂ 'ಗೊತ್ತಿರಲಿಲ್ಲ' ಎಂದೇ ಹೇಳುವರು. ಕರ ತೆತ್ತು ವ್ಯಾಪಾರ ಮಾಡುವ ನೆರೆಯಂಗಡಿಯವನಿಗೆ ಇದರಿಂದ ಅನ್ಯಾಯವಾಗುವುದು, ಎಂದು ಆಕ್ಷೇಪವಿದೆ. ಇದು ಹಗುರಾದ ಆಕ್ಷೇಪವಲ್ಲ. ಅದಕ್ಕಾಗಿಯೇ ಅಸಲು ಕರವನ್ನಾಗಲಿ ಬಡ್ಡಿಯನ್ನಾಗಲಿ ಬಿಡಬೇಕೆಂದು ನಾವು ಕೇಳುತ್ತಿಲ್ಲ. ಪ್ರಾಮಾಣಿಕತೆಯನ್ನು ರುಜುಪಡಿಸುವ ಹೊಣೆಯೂ ಹಳೆಯ 80ನೆಯ ಕಲಮಿನಲ್ಲಿದ್ದಂತೆ ವರ್ತಕನ ಮೇಲೆಯೇ ಇರಲಿ. ದಂಡವೊಂದನ್ನು ಮಾತ್ರ, ರುಜುವಾತಾದ ಮೇಲೆ, ಬಿಡಬೇಕು. ತಿಳಿವಳಿಕೆ ಕೊಡದೆ ಮೊದಲು ನೋಟೀಸು, ಆಮೇಲೆ ತಿಳಿವಳಿಕೆಯ ಸಭೆ ಎಂಬ ಕ್ರಮವೂ ತಲೆಕೆಳಗಾಗಬೇಕು. ಸರಕು-ಸೇವೆಗಳ ಈ ಭೇದವನ್ನು ಒಂದು ಪುಟದ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಅಂಗಡಿ ಅಂಗಡಿಗೆ ಹಂಚುವುದಕ್ಕೆ ಎಷ್ಟು ವೆಚ್ಚವಾದೀತು?

ನಮ್ಮ ವಾಚಕರಲ್ಲಿ ಶಾಲಾ ಶಿಕ್ಷಕರು ಬಹಳ. ಇಂಥ ನೋಟೀಸನ್ನು ಹಿಡಿದುಕೊಂಡು 'ಮಾಸ್ತರರೇ, ಇದರಲ್ಲಿ ಏನಿದೆ ಓದಿ ಹೇಳಿರಿ' ಎಂದು ನೆರೆಯವರು ಬರುವುದುಂಟು. ಅವರಿಗೆ ಇಷ್ಟನ್ನಾದರೂ ತಿಳಿಸಬೇಕು: 2023-24ರವರೆಗಿನ ವರ್ಷಗಳಿಗೆ, ಮೋಸದ ಆರೋಪವಿಲ್ಲದ ಕಾರಣ ಕೇಳುವ ನೋಟೀಸು ಬಂದ 30 ದಿನಗಳೊಳಗೆ ಕರವನ್ನೂ ಬಡ್ಡಿಯನ್ನೂ ತುಂಬಿದರೆ 73ನೆಯ ಕಲಮಿನ ದಂಡವಿಲ್ಲ, 2024-25ರಿಂದೀಚಿನದಕ್ಕೆ, 74ಎ ಎಂಬ ಹೊಸ ಕಲಮಿನಂತೆ, 60 ದಿನ. ಆದ್ದರಿಂದ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಕೂಡಬಾರದು; ಖಾತೆಗೆ ಬಂದ ಯಾವ ಹಣ ಯಾತರದೆಂದು ಅಂದೇ ಬರೆದಿಡಬೇಕು.

ಕಾಯದೆಯ ತಿದ್ದುಪಡಿಯು ಒಂದು ರಾಜ್ಯದ ಕೈಯೊಳಗಿನದಲ್ಲ, ಜಿ.ಎಸ್.ಟಿ. ಮಂಡಳಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮತ ಬೇಕು, ಅದರಲ್ಲಿ ಕೇಂದ್ರದ್ದೇ ಮೂರನೆಯ ಒಂದಂಶ. ಆದರೆ 80ನೆಯ ಕಲಮನ್ನು ಮರಳಿ ತರಬೇಕೆಂಬ ಸೂಚನೆಯನ್ನು ಆ ಮಂಡಳಿಯ ಮುಂದಿಡಲು ಕರ್ನಾಟಕದ ಪ್ರತಿನಿಧಿಗೆ ಯಾರ ಅಡ್ಡಿಯೂ ಇಲ್ಲ. ವರ್ತಕರಿಗೆ ಬಾಯಿಮಾತಿನಲ್ಲಿ ಕೊಟ್ಟ ಅಭಯವನ್ನು ಬರಹಕ್ಕೆ ಇಳಿಸುವ ಕೆಲಸವು ಅಲ್ಲಿಂದಲೇ ಆರಂಭವಾಗಬೇಕು.