ಕಾಗೆ ಕಾಯುವವರು ಕಂಡ ಹಕ್ಕಿಗಳು

ಏಪ್ರಿಲ್ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಬರಹ ತಪ್ಪದೆ ಬರುತ್ತದೆ. ಹಿತ್ತಲಿಗೆ ಬಂದ 'ಅನಿರೀಕ್ಷಿತ ಅತಿಥಿ'ಯ ಬಗ್ಗೆ. ಬರೆಯುವವರು ರಜೆಗೆಂದು ಊರಿಗೆ ಬಂದಿರುತ್ತಾರೆ, ಚಂದದ ಹಕ್ಕಿಯೊಂದು ಕಣ್ಣಿಗೆ ಬೀಳುತ್ತದೆ, ಬೆರಗಾಗುತ್ತಾರೆ. ಬೆರಗಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು 'ಅನಿರೀಕ್ಷಿತ' ಎಂಬ ಮಾತಿನ ಬಗ್ಗೆ. ಯಾರಿಗೆ ಅನಿರೀಕ್ಷಿತ? ಅದೇ ಹಿತ್ತಲಲ್ಲಿ ವರ್ಷವಿಡೀ ಪಾತ್ರೆ ತೊಳೆಯುವವರನ್ನು ಕೇಳಿ. ಆ ಹಕ್ಕಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಕೊಂಬೆಯ ಮೇಲೆ ಕೂರುತ್ತದೆ ಎಂದು ಕೈಕೆಲಸ ಬಿಡದೆಯೇ ಹೇಳುತ್ತಾರೆ.

ಬೇಸಿಗೆಯ ಮನೆಗೆಲಸ ಬಹುಪಾಲು ಬಯಲಲ್ಲೇ ನಡೆಯುವಂಥದ್ದು. ಸಂಡಿಗೆ ಇಡುವುದು, ಹಪ್ಪಳ ಒಣಗಿಸುವುದು, ಮೆಣಸಿನಕಾಯಿ ಹರವುವುದು, ಹುಣಸೆಹಣ್ಣಿನ ಬೀಜ ಬಿಡಿಸುವುದು, ಕಪ್ಪು ಕೊಡೆ ಬಿಚ್ಚಿಟ್ಟು ಕಾಗೆ ಕಾಯುವುದು. ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಅಮ್ಮನ ಜೊತೆ ಹೀಗೆ ಕಾಗೆ ಕಾಯುತ್ತಲೇ ನಾನು ಹಕ್ಕಿ ನೋಡುವುದನ್ನು ಕಲಿತದ್ದು. ಕರಿಬೇವಿನ ಹಣ್ಣು ಕಪ್ಪಾಗುವ ಹೊತ್ತಿಗೆ ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುವ, ಕೆಂಪು ಕಣ್ಣಿನ ಹಕ್ಕಿಯೊಂದು ಸದ್ದಿಲ್ಲದೆ ಬಂದು ಹಣ್ಣು ನುಂಗುತ್ತಿತ್ತು. ಅದು ಹೆಣ್ಣು ಕೋಗಿಲೆ. 'ಕುಹೂ' ಎಂದು ಕೂಗುವುದು ಕಪ್ಪು ಬಣ್ಣದ ಗಂಡು. ಹಾಡುವ ಹೆಣ್ಣನ್ನೆಲ್ಲ ಕೋಗಿಲೆ ಎಂದು ಹೊಗಳುವ ನಮ್ಮವರು ಕರಿಬೇವಿನ ಗಿಡದ ಹತ್ತಿರ ಒಂದು ಮಧ್ಯಾಹ್ನ ಕೂತಂತಿಲ್ಲ. ಬಟ್ಟೆ ಒಣಹಾಕುವ ತಂತಿಗೆ ಸೂರಕ್ಕಿ ಜೇಡರ ಬಲೆ, ನಾರು, ತರಗು ಸೇರಿಸಿ ಗೂಡು ಕಟ್ಟಿದಾಗ ಅಮ್ಮ ಆ ತಂತಿಯನ್ನು ಅದಕ್ಕೇ ಬಿಟ್ಟು ಬೇರೆ ಹಗ್ಗ ಕಟ್ಟಿಕೊಂಡಳು. ಮರಿಗಳು ಹಾರಿಹೋಗುವವರೆಗೆ ಆ ಗೂಡಿನ ದಿನಚರಿ ಅವಳಿಗೆ ಬಾಯಿಪಾಠವಾಗಿತ್ತು.

ಇಂಥ ತಿಳಿವಳಿಕೆಗೆ ಹಕ್ಕಿ ವೀಕ್ಷಣೆಯ ಜಗತ್ತಿನಲ್ಲಿ ಯಾವ ಜಾಗವಿದೆ? ಜಗತ್ತಿನಾದ್ಯಂತ ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ 'ಇ-ಬರ್ಡ್' ತಾಣದಲ್ಲಿ 'ಇನ್ಸಿಡೆಂಟಲ್' ಎಂಬ ವರ್ಗವೊಂದಿದೆ. ಬೇರೇನೋ ಮಾಡುತ್ತಿರುವಾಗ ಕಣ್ಣಿಗೆ ಬಿದ್ದ ಹಕ್ಕಿಯನ್ನು ಅಲ್ಲಿ ಹಾಕಬೇಕು. ಒಂದು ಹಕ್ಕಿ ಎಷ್ಟು ಸಾಮಾನ್ಯ ಎಂದು ಲೆಕ್ಕ ಹಾಕುವಾಗ ಆ ದಾಖಲೆಗಳನ್ನು ಬಿಡುತ್ತಾರೆ. ಇದಕ್ಕೆ ಕಾರಣವೂ ಇದೆ: ಕಂಡ ಎಲ್ಲ ಹಕ್ಕಿಗಳನ್ನೂ ಬರೆದ ಪಟ್ಟಿಯಿಂದ ಮಾತ್ರ ಯಾವುದು ಕಾಣಲಿಲ್ಲ ಎಂಬುದು ತಿಳಿಯುತ್ತದೆ. ಲೆಕ್ಕದ ಮಾತಾಗಿ ಇದನ್ನು ಒಪ್ಪುತ್ತೇನೆ. ಆದರೆ ಈ ವಿಂಗಡಣೆ ಲೆಕ್ಕಕ್ಕಷ್ಟೇ ನಿಂತಿಲ್ಲ, ನಮ್ಮ ಮನಸ್ಸಿಗೂ ಇಳಿದಿದೆ. ಭಾನುವಾರ ಬೆಳಿಗ್ಗೆ ದುರ್ಬೀನು ಹಿಡಿದು ಕೆರೆ ಏರಿಯ ಮೇಲೆ ಎರಡು ಗಂಟೆ ನಡೆದವರದು ವೀಕ್ಷಣೆ. ಎರಡು ತಿಂಗಳು ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತವಳದು ಕಾಕತಾಳೀಯ!

ಇದರಿಂದ ಏನು ನಷ್ಟ ಎನ್ನುವವರು ಗುಬ್ಬಚ್ಚಿಯನ್ನು ನೆನೆಯಲಿ. 2020ರಲ್ಲಿ ಬಂದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿಯ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಇದ್ದ ಹಾಗೇ ಇದೆ, ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ. ಆದರೆ 2000ಕ್ಕೆ ಹಿಂದಿನ ದಾಖಲೆಗಳು ವಿರಳ. ಆಗಿನದನ್ನು ಬಲ್ಲವರು ಯಾರು? ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರಿದವರು. ನುಚ್ಚಿಗೆ ಎಷ್ಟು ಗುಬ್ಬಿ ಸೇರುತ್ತಿದ್ದವು, ಬರುವುದು ಯಾವಾಗ ನಿಂತಿತು ಎಂದು ಅವರಿಗೆ ನೆನಪಿದೆ. ಮಗಳ ಮದುವೆಯ ವರ್ಷ, ಹಂಚು ತೆಗೆದು ತಾರಸಿ ಹಾಕಿಸಿದ ವರ್ಷ ಎಂದು ಗುರುತಿಟ್ಟು ಹೇಳುತ್ತಾರೆ. ಯಾವುದು ಕಾಣಲಿಲ್ಲ ಎಂಬುದು ಅವರಿಗೂ ಗೊತ್ತು. ನೆನಪು ಅಂಕಿಅಂಶವಲ್ಲ, ನಿಜ. ಆದರೆ ಏನನ್ನು ಕೇಳಬೇಕು, ಎಲ್ಲಿ ಹುಡುಕಬೇಕು ಎಂದು ಅದು ಹೇಳಬಲ್ಲದು. ಆ ತಲೆಮಾರು ನಮ್ಮ ಕಣ್ಣೆದುರೇ ದಾಟಿಹೋಗುತ್ತಿದೆ.

ಮನೆಯ ಬದುಕೂ ಹಕ್ಕಿಯ ತಿಳಿವಳಿಕೆಯೂ ಬೇರೆ ಬೇರೆ ಅಲ್ಲವೆನ್ನಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿದೆ. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳ ಮೇಲೆ. ಗೂಡಿದ್ದ ಮರದ ಹುಣಸೆಯ ಆಸೆಯನ್ನು ಮನೆಯವರು ಬಿಡಬೇಕು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಅದಕ್ಕೂ ಎಷ್ಟೋ ಮುಂಚಿನಿಂದ ಈ ಹಕ್ಕಿಗಳನ್ನು ಉಳಿಸಿಕೊಂಡು ಬಂದದ್ದು ಆ ಅಂಗಳಗಳು. ಹಾಗಿದ್ದೂ ನಮ್ಮ ಪ್ರಬಂಧಗಳಲ್ಲಿ ಹಕ್ಕಿ ಬೇಕೆಂದರೆ ಕಾಡಿಗೇ ಹೋಗಬೇಕು.

ಮನೆಗೆಲಸವನ್ನು ವೈಭವೀಕರಿಸುತ್ತಿದ್ದೀರಿ ಎನ್ನಬಹುದು. ಇಲ್ಲ. ಬಿಸಿಲಲ್ಲಿ ಕೂತು ಬೆನ್ನು ನೋಯಿಸಿಕೊಳ್ಳುವುದರಲ್ಲಿ ವೈಭವವೇನೂ ಇಲ್ಲ, ಅದು ಒಬ್ಬರ ಪಾಲಿಗೇ ಬರುವುದು ಅನ್ಯಾಯವೇ. ಆದರೆ ದುಡಿಸಿಕೊಂಡದ್ದು ಸಾಲದೆಂದು, ದುಡಿಯುತ್ತ ಕಂಡದ್ದನ್ನೂ ಲೆಕ್ಕಕ್ಕೆ ಹಿಡಿಯದಿರುವುದು ಎರಡನೆಯ ಅನ್ಯಾಯ.

ಈ ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಹಕ್ಕಿಯ ಫೋಟೊ ಆಮೇಲೆ ತೆಗೆಯಿರಿ. ಮೊದಲು ಅಜ್ಜಿಯ ಪಕ್ಕದಲ್ಲಿ ಕೂತು ಹುಣಸೆಹಣ್ಣು ಬಿಡಿಸಿ. ಯಾವ ಹಕ್ಕಿ ಬರುತ್ತದೆ, ಯಾವುದು ಬರುವುದು ನಿಲ್ಲಿಸಿತು, ಅದನ್ನು ಅವರು ಏನೆಂದು ಕರೆಯುತ್ತಾರೆ, ಕೇಳಿ. ತಾರೀಕು, ಊರು, ಮಾಡುತ್ತಿದ್ದ ಕೆಲಸ ಎಲ್ಲವನ್ನೂ ಬರೆದಿಡಿ. ಕಂಡವರ ಹೆಸರಿನ ಜಾಗದಲ್ಲಿ ನಿಮ್ಮದಲ್ಲ, ಅವರ ಹೆಸರು ಹಾಕಿ.